ಆಪ್ ಕಹಾಂ ಕೇ ಹೈಂ?

ಫರೀದಾಬಾದಿನ ಬಡಖಲ್ ಕೆರೆಯ ಪಕ್ಕದ ಹಳ್ಳಿಯಲ್ಲಿ ನಮ್ಮ ರಾಯರದೊಂದು ಮನೆ ಇತ್ತು. ರಾಯರು ಹಾಸನದ ಕಡೆಯವರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ದುಡಿದು, ಹಳ್ಳಿಯವರೊಬ್ಬರಿಂದ ಹಳೇ ಮನೆ ಕೊಂಡು ಇಪ್ಪತ್ತು ವರ್ಷ ಅಲ್ಲೇ ಬಾಳಿದ್ದರು. 2009ರ ಮೇ ತಿಂಗಳ ಒಂದು ಮಧ್ಯಾಹ್ನ ಕೂಲರಿನ ವೈರು ಹೊತ್ತಿಕೊಂಡು ಮನೆ ಸುಟ್ಟುಹೋಯಿತು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಸೂರು ಬಿತ್ತು, ಗೋಡೆಗಳು ಬಾಯಿಬಿಟ್ಟವು.

ಇದ್ದ ಜಾಗದಲ್ಲೇ ಇದ್ದಷ್ಟೇ ಮನೆ ಕಟ್ಟಿಕೊಳ್ಳುತ್ತೇನೆ ಅಂತ ರಾಯರು ಅರ್ಜಿ ಹಾಕಿದರು. ಅರ್ಜಿ ಬರೆದುಕೊಟ್ಟವನು ನಾನೇ. ಕಚೇರಿಯ ಗುಮಾಸ್ತ ಅದನ್ನು ತಿರುವಿಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಆಪ್ ಕಹಾಂ ಕೇ ಹೈಂ?"

"ಕರ್ನಾಟಕದವನು," ಅಂದರು ರಾಯರು, ಅಭ್ಯಾಸಬಲದಿಂದ.

"ಹಾಗಿದ್ದರೆ ನೀವು ಈ ಹಳ್ಳಿಯ ನಿವಾಸಿ ಹೇಗಾದಿರಿ?"

ಆ ಪ್ರಶ್ನೆಯ ಹಿಂದೆ ಒಂದು ಕಾನೂನಿನ ಕತೆ ಇದೆ. ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಮೇ 10ರಂದು ಬಡಖಲ್ ಮತ್ತು ಸೂರಜ್‌ಕುಂಡಗಳ ಸುತ್ತ 5 ಕಿಲೋಮೀಟರು ಯಾವ ಕಟ್ಟಡವೂ ಏಳಕೂಡದು ಎಂದಿತು. ಅದೇ ಅಕ್ಟೋಬರ್ 11ರಂದು ಆ ನಿಷೇಧವನ್ನು ಹಸಿರು ಪಟ್ಟಿಗೂ 1 ಕಿಲೋಮೀಟರಿಗೂ ಇಳಿಸಿತು. ಅದರೊಳಗೂ ಒಂದು ಬಾಗಿಲು ತೆರೆದಿಟ್ಟಿತು. ಆ ವಲಯದ ಹಳ್ಳಿಗಳ ನಿವಾಸಿಗಳು ಸ್ವಂತ ವಾಸಕ್ಕಾಗಿ ಮನೆಯನ್ನು ವಿಸ್ತರಿಸಬಹುದು, ಮರಳಿ ಕಟ್ಟಬಹುದು. ಎರಡೂವರೆ ಅಂತಸ್ತು ಮೀರಬಾರದು. ಕೇಂದ್ರದ ಮತ್ತು ಹರಿಯಾಣದ ಮಾಲಿನ್ಯ ನಿಯಂತ್ರಣ ಮಂಡಳಿಗಳೆರಡೂ ಒಪ್ಪಬೇಕು.

ನನ್ನ ಮಟ್ಟಿಗೆ ಇದು ತಕ್ಕಮಟ್ಟಿಗೆ ನ್ಯಾಯವಾದ ಕಟ್ಟಳೆ. ಸ್ವಂತ ವಾಸವೋ ವ್ಯಾಪಾರವೋ, ಎಷ್ಟು ಎತ್ತರ, ಕೆರೆಗೆ ಏನು ಕೇಡು ಅಂತ ಅದು ಕೇಳುತ್ತದೆ. ನಿವಾಸಿ ಅನ್ನುವ ಪದಕ್ಕೆ ಅಲ್ಲಿ ವಾಸವಾಗಿರುವವನು ಅಂತಲ್ಲದೆ ಬೇರೆ ಏನು ಅರ್ಥ, ಸ್ವಾಮಿ? ಕಚೇರಿಯ ಮೇಜಿಗೆ ಬರುವಷ್ಟರಲ್ಲಿ ಅದು ಹುಟ್ಟಿದೂರಿನ ವಿಚಾರಣೆಯಾಗಿಬಿಟ್ಟಿತ್ತು. ರಾಯರು ರೇಷನ್ ಕಾರ್ಡು ತೋರಿಸಿದರು, ಕರೆಂಟು ಬಿಲ್ಲು ತೋರಿಸಿದರು. ಗುಮಾಸ್ತ ತಲೆ ಎತ್ತಲಿಲ್ಲ.

ಆಗ ನಮ್ಮ ಕನ್ನಡದ ಬಳಗ ಸೇರಿತು. ದೆಹಲಿಯಲ್ಲಿ ನಮ್ಮ ಕಡೆಯ ದೊಡ್ಡ ಮನುಷ್ಯರೊಬ್ಬರಿದ್ದಾರೆ, ಅವರಿಂದ ಒಂದು ಚೀಟಿ ಬರೆಸಿದರೆ ಕೆಲಸ ಆಗುತ್ತೆ ಅಂತ ಎಲ್ಲರೂ ಅಂದರು. ನಾನೊಬ್ಬ ಬೇಡ ಅಂದೆ. ಮೇಲಿನವರಿಗೆ ಮೇಲ್ಮನವಿ ಹಾಕೋಣ, ಆದೇಶದ ಪ್ರತಿಯನ್ನೇ ಲಗತ್ತಿಸೋಣ ಅಂದೆ. ರಾಯರ ಹೆಂಡತಿ ನನ್ನನ್ನೇ ನೋಡಿ, "ನಿಮ್ಮ ಮನೆ ಸುಟ್ಟಿದ್ದರೆ ಹೀಗೇ ಹೇಳ್ತಿದ್ರಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಆದರೂ ನನ್ನ ಮಾತು ತಪ್ಪೆಂದು ಅನ್ನಿಸಿಲ್ಲ. ನೀನು ಎಲ್ಲಿಯವನು ಅಂತ ಕೇಳುವ ಗುಮಾಸ್ತನಿಗೂ ನೀನು ಯಾರ ಕಡೆಯವನು ಅಂತ ನೋಡುವ ಚೀಟಿಗೂ ವ್ಯತ್ಯಾಸ ಏನು? ಎರಡರಲ್ಲೂ ಕೆರೆಯ ಮಾತಿಲ್ಲ. ಇಂದು ಚೀಟಿ ಹಿಡಿದು ಸುಟ್ಟ ಅಡುಗೆಮನೆ ಹೋದರೆ, ನಾಳೆ ಅದೇ ಬಾಗಿಲಲ್ಲಿ ಮದುವೆ ಹಾಲು, ಫಾರ್ಮ್‌ಹೌಸು ಎಲ್ಲ ನುಗ್ಗುತ್ತವೆ. ಅವುಗಳ ಚೀಟಿ ನಮ್ಮ ಚೀಟಿಗಿಂತ ದೊಡ್ಡದಿರುತ್ತದೆ.

ಇದು ಬರೀ ಊಹೆಯಲ್ಲ. ಸೂರಜ್‌ಕುಂಡದ ಹತ್ತಿರ ಕಾಂತ್ ಎನ್‌ಕ್ಲೇವ್ ಎಂಬ ಬಡಾವಣೆ ಹುಟ್ಟಿದ್ದೇ 1984ರ ಏಪ್ರಿಲ್ 17ರಂದು ಸರ್ಕಾರ ಕೊಟ್ಟ ವಿನಾಯಿತಿಯಿಂದ. 1992ರ ಆಗಸ್ಟ್ 18ರಂದು ಅದೇ ನೆಲ ಸಂರಕ್ಷಣೆಯ ಅಧಿಸೂಚನೆಗೆ ಒಳಪಟ್ಟಿತು. ಆಮೇಲೂ ಮನೆಗಳು ಏಳುತ್ತಲೇ ಇದ್ದವು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಅಧಿಸೂಚನೆಯ ನಂತರ ಕಟ್ಟಿದ್ದನ್ನು ಕೆಡವಿ ಎಂದಿತು, ಮನೆ ಕಳೆದುಕೊಂಡವರಿಗೆ 50 ಲಕ್ಷ ರೂಪಾಯಿ ಕೊಡಿಸಿತು. 2021ರ ಜೂನಿನಲ್ಲಿ ಅದೇ ಸೀಮೆಯ ಖೋರಿ ಗಾಂವ್ ತೆರವಿಗೆ ಆದೇಶವಾಯಿತು. ಸುಮಾರು 10,000 ಮನೆ, ಕೋವಿಡ್ ಕಾಲ, ಆರು ವಾರದ ಗಡುವು. ಅಲ್ಲಿದ್ದವರಲ್ಲಿ ಅರಾವಳಿಯ ಕಲ್ಲು ಒಡೆಯಲು ಬಂದು ನೆಲೆನಿಂತವರೂ ಇದ್ದರು. ಅವರಿಗೆ 50 ಲಕ್ಷ ಯಾರೂ ಕೊಡಲಿಲ್ಲ. ಬದಲಿ ಮನೆ ಬೇಕಾದರೆ ಮತದಾರರ ಚೀಟಿ, ಕರೆಂಟಿನ ದಾಖಲೆ ತನ್ನಿ ಅಂದರು. ಎರಡೂ ಕಡೆ ಕಾಡಿನ ನೆಲವೇ, ಎರಡೂ ಕಡೆ ಮನೆಯೇ. ಒಬ್ಬರ ಕೈಯಲ್ಲಿ ವಿನಾಯಿತಿಯ ಕಾಗದ ಇತ್ತು, ಇನ್ನೊಬ್ಬರ ಕೈಯಲ್ಲಿ ಇರಲಿಲ್ಲ.

"ಕೆರೆಯೇ ಬತ್ತಿಹೋಗಿದೆ, ಇನ್ನು ಏನನ್ನು ಕಾಯುವುದು?" ಅಂತ ಬಳಗದವರು ಕೇಳಿದ್ದರು. ನಿಜ, 1947ರಲ್ಲಿ ಒಡ್ಡು ಕಟ್ಟಿ ಮಾಡಿದ ಬಡಖಲ್ ಆ ಹೊತ್ತಿಗೆ ಬಣಗುಡುತ್ತಿತ್ತು. ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅದನ್ನು ಬತ್ತಿಸಿದ್ದು ರಾಯರ ಅಡುಗೆಮನೆಯಲ್ಲ. ಗುಡ್ಡ ಅಗೆದ ಗಣಿಗಳು ನೀರು ಹರಿದುಬರುವ ದಾರಿಯನ್ನೇ ತಿಂದವು, ಕೊಳವೆಬಾವಿಗಳು ತಳವನ್ನು ಹೀರಿದವು. ಆದರೆ ನೀರಿಲ್ಲದ ಕೆರೆ ಕೆರೆಯಲ್ಲ ಅಂದುಬಿಟ್ಟರೆ ಮುಂದಿನ ಮಳೆಗಾಲಕ್ಕೆ ಜಾಗ ಎಲ್ಲಿ? ಕೊನೆಗೆ ಸಂಸ್ಕರಿಸಿದ ಕೊಳಚೆ ನೀರನ್ನು ಹರಿಸಿ ಆ ಕೆರೆಯನ್ನು ಬದುಕಿಸುವ ಯೋಜನೆ ಹಾಕಬೇಕಾಗಿ ಬಂತು.

ಊರಿನಲ್ಲಿ ಕೂತು ಇದನ್ನು ಓದುವವರು ಉತ್ತರದವರ ಹಣೆಬರಹವೇ ಇಷ್ಟು ಅನ್ನಬೇಡಿ. ನಮ್ಮ ಬೆಳ್ಳಂದೂರು ಕೆರೆಗೆ 2017ರಲ್ಲಿ, 2018ರಲ್ಲಿ ಬೆಂಕಿಯೇ ಹತ್ತಿತ್ತು. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರು ಬಿಡಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದೂ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ಹಳೆಯ 30 ಮೀಟರಿಗೇ ಮರಳಿದ್ದೂ ಇದೇ ದೆಹಲಿಯಲ್ಲಿ. ಅದೇ ಬೆಳ್ಳಂದೂರಿನ ಬಳಿ, ಕರಿಯಮ್ಮನ ಅಗ್ರಹಾರದಲ್ಲಿ, 2020ರ ಜನವರಿಯಲ್ಲಿ ಗುಡಿಸಲುಗಳನ್ನು ಕೆಡವಿದರು. ಬಾಂಗ್ಲಾದೇಶದವರು ಅನ್ನುವ ಪುಕಾರು ಸಾಕಾಯಿತು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಯವರೂ ಇದ್ದರು. ಹೈಕೋರ್ಟು ಮಧ್ಯೆ ಬರಬೇಕಾಯಿತು. ರಾಯರಿಗೆ ಗುಮಾಸ್ತ ಕೇಳಿದ ಪ್ರಶ್ನೆಯನ್ನೇ ನಾವು ಕನ್ನಡದಲ್ಲಿ ಕೇಳಿದ್ದೆವು, ಅಷ್ಟೇ.

ಹಾಗಾದರೆ ಮನೆ ಸುಟ್ಟವನು ಏನು ಮಾಡಬೇಕು? ವಿನಾಯಿತಿ ಇರಲಿ. ಅದು ಎಲ್ಲರೂ ಓದಬಹುದಾದ ಬರಹದಲ್ಲಿರಲಿ. ಮೊದಲಿದ್ದ ಪಾಯ, ಮೊದಲಿದ್ದ ಎತ್ತರ, ಸ್ವಂತ ವಾಸ, ಕೊಳಚೆ ಕೆರೆಗೆ ಹೋಗದ ಏರ್ಪಾಡು ಇಷ್ಟಿದ್ದರೆ ಇಂತಿಷ್ಟು ದಿನದಲ್ಲಿ ಹೌದೋ ಇಲ್ಲವೋ ಹೇಳಬೇಕು. ಇಲ್ಲ ಅಂದರೆ ಕಾರಣ ಬರೆಯಬೇಕು, ಬೇರೆ ಕಡೆ ಜಾಗ ಕೊಡಬೇಕು. ಅರ್ಜಿದಾರನ ಊರಿನ ಕಾಲಂ ಆ ಅರ್ಜಿಯಲ್ಲಿ ಇರಲೇಬಾರದು.

ಚೀಟಿ ಹೋಯಿತು. ಕಡತ ಒಂದು ಮೇಜು ದಾಟಿ ಮುಂದಿನ ಮೇಜಿನಲ್ಲಿ ನಿಂತಿತು. ಎರಡು ವರ್ಷ ಬಾಡಿಗೆ ಮನೆಯಲ್ಲಿ ಕಾದು ರಾಯರು ಹಾಸನಕ್ಕೆ ಹೊರಟುಹೋದರು. ಅವರ ಹೆಂಡತಿ ಈಗಲೂ ನನ್ನ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ಅವರ ಸಿಟ್ಟನ್ನು ನಾನು ಒಪ್ಪುತ್ತೇನೆ. ಚೀಟಿಯನ್ನು ಮಾತ್ರ ಒಪ್ಪಲಾರೆ.