ಡಿಸಿ ಕಚೇರಿಗೆ ಮನವಿ ಒಯ್ಯೋ ಮೊದಲು ಇದನ್ನ ಓದ್ರಿ

ರೈತ ಬಾಂಧವರೇ, ಬ್ಯಾಂಕಿನವರು ಮನಿ ಗ್ವಾಡಿಗೆ ನೋಟಿಸ್ ಹಚ್ಚಿದ್ರ ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಮಂದಿ ಹೇಳೋದು ಒಂದೇ ಮಾತು: "ಡಿಸಿ ಸಾಹೇಬ್ರಿಗೆ ಮನವಿ ಕೊಡೋಣ, ಅವರು ನಿಲ್ಲಿಸ್ತಾರ." ಈ ನಂಬಿಕೆನೇ ನಮ್ಮ ಮನಿ ಕಳೀತದ.

2002ರ ಸರ್ಫೇಸಿ ಕಾಯ್ದೆಯ 14ನೇ ಕಲಂ ಪ್ರಕಾರ, ಅಡ ಇಟ್ಟ ಆಸ್ತಿ ಸ್ವಾಧೀನಕ್ಕ ಬ್ಯಾಂಕು ಅರ್ಜಿ ಹಾಕೋದೇ ಜಿಲ್ಲಾ ಮ್ಯಾಜಿಸ್ಟ್ರೇಟ್ ಹತ್ರ, ಅಂದ್ರ ಡಿಸಿ ಹತ್ರ. 2019ರ ಸೆಪ್ಟೆಂಬರ್‌ನಾಗ ಸುಪ್ರೀಂ ಕೋರ್ಟ್ ಸಿಜೆಎಂ ಕೋರ್ಟಿಗೂ ಈ ಅಧಿಕಾರ ಅದ ಅಂತು. ಸಾಲಗಾರನ ತಕರಾರು ಕೇಳಿ ತೀರ್ಪು ಕೊಡೋದು ಇವರ ಕೆಲಸ ಅಲ್ಲ ಅಂತ 2022ರಾಗ ಅದೇ ಕೋರ್ಟ್ ಹೇಳ್ಯದ. ಬ್ಯಾಂಕಿನ ಪ್ರಮಾಣಪತ್ರ ಸರಿ ಅದನೋ ಇಲ್ಲೋ ನೋಡಿ ಆದೇಶ ಮಾಡ್ತಾರ. ಆಮೇಲೆ ಪೊಲೀಸರ ಜೊತಿ ಅಧಿಕಾರಿ ಬರ್ತಾನ.

ನಮ್ಮ ತಕರಾರು ಕೇಳೋರು ಯಾರು? ಸಾಲ ವಸೂಲಿ ನ್ಯಾಯಮಂಡಳಿ, ಡಿಆರ್‌ಟಿ. ಅದು ಬೆಂಗಳೂರಾಗ. ಗಡುವು 45 ದಿನ. ಕಲಬುರಗಿ ಹೈಕೋರ್ಟ್ ಪೀಠಕ್ಕ ಹೋದ್ರೂ ಸಾಮಾನ್ಯವಾಗಿ "ಮೊದಲು ಡಿಆರ್‌ಟಿಗೆ ಹೋಗ್ರಿ" ಅಂತಾರ. ಸಾಲ ಕೊಟ್ಟವರಿಗೆ ಜಿಲ್ಲಾ ಕೇಂದ್ರದಾಗೇ ಎರಡು ಬಾಗಲು, ನಮಗ ಒಂದೇ, ಅದೂ ಒಂದು ರಾತ್ರಿ ಪ್ರಯಾಣದ ಆಚೆ. ಇದು ನ್ಯಾಯ ಏನ್ರಿ?

ಹಂಗಂತ ಕೈಕಟ್ಟಿ ಕೂಡಬ್ಯಾಡ್ರಿ. ಕಾಯ್ದೆನ್ಯಾಗೇ ನಮಗ ಹಿಡಿ ಅದಾವ.

ಒಂದು, 31ನೇ ಕಲಂ. ಕೃಷಿ ಭೂಮಿ ಮ್ಯಾಲ ಈ ಕಾಯ್ದೆ ನಡಿಯಂಗಿಲ್ಲ. ಬಾಕಿ 1 ಲಕ್ಷದೊಳಗಿದ್ರ, ಇಲ್ಲಾ ಅಸಲು-ಬಡ್ಡಿಯ ಶೇ 20ಕ್ಕಿಂತ ಕಡಿಮಿ ಉಳಿದಿದ್ರ ಆಗಲೂ ನಡಿಯಂಗಿಲ್ಲ. ಆದ್ರ ಪಹಣಿ ಒಂದೇ ಸಾಲದು. ಹೊಲದಾಗ ನಿಜವಾಗಿ ಬೆಳಿ ತೆಗೀತಿದ್ವಿ ಅಂತ ತೋರಿಸೋ ಭಾರ ಸಾಲಗಾರನದು ಅಂತ 2023ರಾಗ ಸುಪ್ರೀಂ ಕೋರ್ಟ್ ಹೇಳ್ಯದ. ಬೆಳೆ ಸಮೀಕ್ಷೆ, ಹತ್ತಿ-ತೊಗರಿ ಮಾರಿದ ಚೀಟಿ, ಎಲ್ಲಾ ಕಾದಿಡ್ರಿ. ಎನ್‌ಎ ಮಾಡಿಸಿದ ಪ್ಲಾಟು, ಊರಾಗಿನ ಮನಿಗೆ ಈ ರಕ್ಷಣೆ ಇಲ್ಲ. ಹೊಲ ಉಳೀತದ, ಮನಿ ಹೋಗ್ತದ. ಹೊಲ ಉಳೀತು ಅಂದ್ರ ಸಾಲ ಹೋಯ್ತು ಅಂತಲ್ಲ, ಬ್ಯಾಂಕಿಗೆ ಸಿವಿಲ್ ಕೋರ್ಟ್ ದಾರಿ ಇದ್ದೇ ಅದ.

ಎರಡು, 60 ದಿನದ ನೋಟಿಸ್. ಇದೇ ನಮ್ಮ ಹಂಗಾಮು. ಇದರೊಳಗ ಲಿಖಿತ ಆಕ್ಷೇಪಣೆ ರಿಜಿಸ್ಟರ್ ಪೋಸ್ಟ್‌ನಾಗ ಕಳಿಸಿದ್ರ ಬ್ಯಾಂಕು 15 ದಿನದಾಗ ಕಾರಣ ಸಮೇತ ಉತ್ತರ ಕೊಡಬೇಕು. ಮುಂದ ಡಿಸಿಗೋ ಸಿಜೆಎಂಗೋ ಕೊಡೋ ಪ್ರಮಾಣಪತ್ರದಾಗ "ಆಕ್ಷೇಪಣೆ ಪರಿಶೀಲಿಸಿ ಉತ್ತರ ಕೊಟ್ಟೀವಿ" ಅಂತ ಬರೀಲೇಬೇಕು. ನಾವು ಏನೂ ಕಳಿಸದಿದ್ರ ಅವರಿಗೆ ಆ ತ್ರಾಸೇ ಇಲ್ಲ. ಬಾಯಿಮಾತಿನ ಮನವಿ ಫೈಲಿನ್ಯಾಗ ಕೂಡಂಗಿಲ್ಲ.

ಮೂರು, ಆದೇಶದ ಪ್ರತಿ ಕೇಳ್ರಿ. ವಸೂಲಿ ಏಜೆಂಟನಿಗೆ ಬಲವಂತದಿಂದ ಹೊರಗ ಹಾಕೋ ಅಧಿಕಾರ ಇಲ್ಲ. ತಹಶೀಲ್ದಾರರು ಈ ಆದೇಶ ತಾವಾಗೇ ಮಾಡಂಗಿಲ್ಲ, ಮ್ಯಾಜಿಸ್ಟ್ರೇಟ್ ಮಾಡಿದ್ದನ್ನ ಜಾರಿ ಮಾಡಬಹುದು ಅಷ್ಟೇ.

ಅಧಿಕಾರಿಗಳಿಗೂ ಒಂದು ಮಾತು. ತಕರಾರು ಕೇಳೋ ಅಧಿಕಾರ ಇಲ್ಲದಿರಬಹುದು, ಓದೋ ಕರ್ತವ್ಯ ಅದ. ಪ್ರಮಾಣಪತ್ರದ ಒಂಬತ್ತು ಅಂಶ ಓದಿ ಮನವರಿಕೆ ಆದ ಮ್ಯಾಲೇ ಆದೇಶ ಮಾಡಬೇಕು ಅಂತ ಕಾಯ್ದೆ ಹೇಳ್ತದ. ಕಣ್ಣುಮುಚ್ಚಿ ಸಹಿ ಹಾಕಿದ್ರ ಅದು ಬರೇ ಠಸ್ಸೆ ಆಗ್ತದ.

ಇನ್ನ ನಮ್ಮ ಸಂಘಟನೆಗಳು ಡಿಸಿ ಕಚೇರಿ ಮುಂದ ಬರೇ "ಜಪ್ತಿ ನಿಲ್ಲಿಸ್ರಿ" ಅಂತ ಕೂಗಿದ್ರ ಸಾಲದು. ಕಲಬುರಗಿಯಾಗ ಡಿಆರ್‌ಟಿ ಕಲಾಪ ನಡೀಲಿ ಅಂತ ಕೇಳ್ರಿ. ಬ್ಯಾಂಕಿಗೆ ಸಮೀಪ ಇರೋ ಕಾನೂನು ರೈತನಿಗೂ ಸಮೀಪ ಇರಬೇಕು. ಅಲ್ಲೀತನಕ ನೋಟಿಸ್ ಬಂದ ದಿನದಿಂದ ದಿನಾ ಎಣಿಸ್ರಿ.