ಯಂತ್ರ ಹೋದರೆ ಸಾಲದು, ಎಂಜಿನಿಯರ್ ಹೋಗಬೇಕು

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ, ಬೇರೆ ಕಾರ್ಖಾನೆಗಳನ್ನು ಸ್ವಯಂಚಾಲಿತಗೊಳಿಸುವುದನ್ನೇ ಕಸುಬಾಗಿ ಮಾಡಿಕೊಂಡಿರುವ ಸಣ್ಣ ಘಟಕಗಳಿವೆ. ಮೂವತ್ತು, ನಲವತ್ತು ಜನ ದುಡಿಯುವ ಈ ಘಟಕಗಳ ಹೆಸರು ಹೊರಗಿನವರಿಗೆ ತಿಳಿದಿರುವುದಿಲ್ಲ. ವಾಹನದ ಬಿಡಿಭಾಗಗಳನ್ನು ಜೋಡಿಸುವ ಯಂತ್ರ, ಔಷಧದ ಶೀಶೆಗಳನ್ನು ಪರೀಕ್ಷಿಸಿ ಬೇರ್ಪಡಿಸುವ ವ್ಯವಸ್ಥೆ, ರೊಬಾಟ್ ತೋಳಿನ ತುದಿಗೆ ಬೇಕಾದ ಹಿಡಿಕೆ– ಇವೆಲ್ಲ ಅಲ್ಲಿ ರೂಪುಗೊಳ್ಳುತ್ತವೆ. ಈ ಉದ್ಯಮಿಗಳಲ್ಲಿ ಹಲವರನ್ನು ಈಗ ಕಾಡುತ್ತಿರುವ ಪ್ರಶ್ನೆ ಒಂದೇ: ವಿದೇಶಕ್ಕೆ ವಿಸ್ತರಿಸಬೇಕೇ, ಬೇಡವೇ?

ಪ್ರಶ್ನೆ ಸಹಜವಾದುದೇ. ಚೀನಾ ಒಂದನ್ನೇ ನೆಚ್ಚಿ ಕೂರಬಾರದೆಂಬ ಅರಿವು ಜಗತ್ತಿನ ಖರೀದಿದಾರರಿಗೆ ಬಂದಿದೆ. ಸಂಯುಕ್ತ ಅರಬ್ ಸಂಸ್ಥಾನದೊಂದಿಗಿನ ವ್ಯಾಪಾರ ಒಪ್ಪಂದ 2022ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದೊಂದಿಗಿನದು ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು. ಬ್ರಿಟನ್‌ನೊಂದಿಗಿನ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿತ್ತು. ಸಣ್ಣ ಉದ್ದಿಮೆಯ ವ್ಯಾಖ್ಯೆಯೂ ಸಡಿಲವಾಗಿದೆ: 2025ರ ಏಪ್ರಿಲ್‌ನಿಂದ 100 ಕೋಟಿ ರೂಪಾಯಿ ವಹಿವಾಟಿನವರೆಗೆ ಘಟಕವೊಂದು ಸಣ್ಣದಾಗಿಯೇ ಉಳಿಯಬಹುದು, ರಫ್ತಿನ ಮೊತ್ತವನ್ನು ಆ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಅಂದರೆ, ರಫ್ತು ಮಾಡಿದ ಕಾರಣಕ್ಕೆ ಯಾರೂ ಸಣ್ಣ ಉದ್ದಿಮೆಯ ಸವಲತ್ತು ಕಳೆದುಕೊಳ್ಳುವುದಿಲ್ಲ. ಬಾಗಿಲು ತೆರೆದಿದೆ, ಹೊರಡುವುದಷ್ಟೇ ಬಾಕಿ ಎಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ನಮ್ಮವರ ಸಾಮರ್ಥ್ಯದ ಬಗ್ಗೆ ನನಗೆ ಅನುಮಾನವಿಲ್ಲ. 1950ರ ದಶಕದ ಆರಂಭದಲ್ಲಿ ಮೈಕೋ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬೆಂಗಳೂರಿನಲ್ಲಿ ನೆಲೆಯೂರಿದವು. ಅವುಗಳ ಸುತ್ತ ಬೆಳೆದ ಕುಶಲಕರ್ಮಿಗಳ, ವಿನ್ಯಾಸಕಾರರ ಪರಂಪರೆಯೇ ಇಂದಿನ ಈ ಘಟಕಗಳ ಬೇರು. ಒಂದು ಬೆರಳಚ್ಚು ಯಂತ್ರದಷ್ಟು ಜಾಗದಲ್ಲಿ ಹತ್ತು ಚಲನೆಗಳನ್ನು ಹೊಂದಿಸಬಲ್ಲವರು ಇಲ್ಲಿದ್ದಾರೆ. ಆದರೆ ಯಂತ್ರ ಕಟ್ಟುವ ಶಕ್ತಿ ಬೇರೆ, ಅದನ್ನು ಐದು ಸಾವಿರ ಕಿಲೊಮೀಟರ್ ದೂರದಲ್ಲಿ ಹತ್ತು ವರ್ಷ ನಡೆಸುವ ಶಕ್ತಿ ಬೇರೆ. ವಿದೇಶ ವಿಸ್ತರಣೆಯ ಚರ್ಚೆಯಲ್ಲಿ ಈ ಎರಡನೆಯದು ಸಾಮಾನ್ಯವಾಗಿ ಮರೆತುಹೋಗುತ್ತದೆ.

ಈ ಉದ್ದಿಮೆ ಮಾರುವುದಾದರೂ ಏನನ್ನು? ಸೀರೆ ಅಥವಾ ಕಾಫಿಯಂತೆ ಹಡಗಿಗೇರಿಸಿ ಕೈತೊಳೆದುಕೊಳ್ಳುವ ಸರಕಲ್ಲ ಅದು. ಯಂತ್ರವನ್ನು ಮೊದಲು ತಯಾರಕನ ಷೆಡ್ಡಿನಲ್ಲಿ ಗ್ರಾಹಕನ ಎದುರು ಓಡಿಸಿ ತೋರಿಸಬೇಕು. ಆಮೇಲೆ ಬಿಚ್ಚಿ, ಪೆಟ್ಟಿಗೆಗೆ ತುಂಬಿ ಕಳುಹಿಸಿ, ಗ್ರಾಹಕನ ಕಾರ್ಖಾನೆಯಲ್ಲಿ ಮತ್ತೆ ಜೋಡಿಸಿ, ಅವನ ಕಚ್ಚಾವಸ್ತು, ಅವನ ಕಾರ್ಮಿಕರು, ಅವನ ವಿದ್ಯುತ್ತಿನೊಂದಿಗೆ ಒಪ್ಪಿದ ವೇಗದಲ್ಲಿ ನಡೆಸಿಕೊಡಬೇಕು. ಬೆಲೆಯ ಕೊನೆಯ ಕಂತು, ಬಹಳ ಸಲ ಶೇ 10ರಷ್ಟು, ಕೈಗೆ ಬರುವುದು ಆ ಬಳಿಕವೇ. ಬಹುತೇಕ ಸಂದರ್ಭಗಳಲ್ಲಿ ಲಾಭ ಅಡಗಿರುವುದೂ ಆ ಕೊನೆಯ ಕಂತಿನಲ್ಲಿಯೇ.

ಅರ್ಥಶಾಸ್ತ್ರಜ್ಞೆ ಎಡಿತ್ ಪೆನ್‌ರೋಸ್ ಉದ್ಯಮ ಸಂಸ್ಥೆಗಳ ಬೆಳವಣಿಗೆ ಕುರಿತು 1959ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮುಖ್ಯ ಮಾತಿದೆ. ಸಂಸ್ಥೆಯ ಬೆಳವಣಿಗೆಯ ವೇಗವನ್ನು ನಿರ್ಧರಿಸುವುದು ಬಂಡವಾಳವಾಗಲೀ ಬೇಡಿಕೆಯಾಗಲೀ ಅಲ್ಲ. ಸಂಸ್ಥೆಯ ಒಳಗೇ ಪಳಗಿದ, ಪರಸ್ಪರರನ್ನು ಬಲ್ಲ ಅನುಭವಿಗಳ ಲಭ್ಯತೆ ಎಂಬುದು ಅವರ ವಾದದ ತಿರುಳು. ಅಂಥವರನ್ನು ಪೇಟೆಯಲ್ಲಿ ಕೊಳ್ಳಲಾಗದು. ಕಾಲವೇ ಅವರನ್ನು ರೂಪಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತೇವೆ. ಆಟೊಮೇಷನ್ ಘಟಕದ ಹಾಸಿಗೆ ಅದರ ಬ್ಯಾಂಕ್ ಖಾತೆಯಲ್ಲ, ಅದರ ಹಿರಿಯ ಎಂಜಿನಿಯರ್‌ಗಳ ದಿನಗಳು.

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ನಲವತ್ತು ಜನರ ಘಟಕವೊಂದರಲ್ಲಿ ಗ್ರಾಹಕನ ಜಾಗಕ್ಕೆ ಹೋಗಿ ಯಾರ ನೆರವೂ ಇಲ್ಲದೆ ಯಂತ್ರ ಚಾಲೂ ಮಾಡಬಲ್ಲವರು ನಾಲ್ವರು ಇದ್ದಾರೆ ಎನ್ನಿ. ತಲಾ 220 ಕೆಲಸದ ದಿನಗಳಂತೆ ವರ್ಷಕ್ಕೆ 880 ದಿನಗಳು. ಪುಣೆ ಅಥವಾ ಹೊಸೂರಿಗೆ ಕಳುಹಿಸುವ ಒಂದು ಯಂತ್ರಕ್ಕೆ ಸ್ಥಾಪನೆ, ನಂತರದ ದುರಸ್ತಿ ಸೇರಿ 25 ದಿನ ಬೇಕೆಂದಿಟ್ಟುಕೊಂಡರೆ 24 ಯಂತ್ರಗಳಿಗೆ 600 ದಿನ ವ್ಯಯವಾಗುತ್ತದೆ. ಉಳಿಯುವುದು 280. ಹೊರದೇಶಕ್ಕೆ ಒಬ್ಬರನ್ನೇ ಕಳುಹಿಸಲಾಗದು. ಅಲ್ಲಿ ತೊಡಕಾದರೆ ಮರುದಿನ ಇನ್ನೊಬ್ಬರನ್ನು ಕರೆಸಿಕೊಳ್ಳಲು ಸಾಧ್ಯವಿಲ್ಲ. ಇಬ್ಬರು ಒಂದು ತಿಂಗಳು, ಆಮೇಲಿನ ಭೇಟಿ ಸೇರಿ ಯಂತ್ರವೊಂದಕ್ಕೆ 75 ದಿನ ಹಿಡಿಯಿರಿ. ನಾಲ್ಕು ವಿದೇಶಿ ಆದೇಶಗಳು 300 ದಿನಗಳನ್ನು ನುಂಗಿದವು. ಹೊಸ ವಿನ್ಯಾಸಕ್ಕೂ ಕಿರಿಯರ ತರಬೇತಿಗೂ ಒಂದು ದಿನವೂ ಉಳಿಯಲಿಲ್ಲ. ಐದನೆಯ ಆದೇಶ ಬಂದ ದಿನ, ಹತ್ತು ವರ್ಷದಿಂದ ಕೈಹಿಡಿದಿದ್ದ ಊರಿನ ಗ್ರಾಹಕನ ದೂರವಾಣಿ ಕರೆಗೆ ಉತ್ತರಿಸುವವರಿರುವುದಿಲ್ಲ.

ರಫ್ತು ಮಾಡುವ ಸಂಸ್ಥೆಗಳೇ ಹೆಚ್ಚು ಲಾಭ ಗಳಿಸುತ್ತವೆ, ಹೆಚ್ಚು ಸಂಬಳ ಕೊಡುತ್ತವೆ. ಆದ್ದರಿಂದ ಎಲ್ಲರೂ ರಫ್ತಿಗೆ ಇಳಿಯಬೇಕೆಂಬ ವಾದವನ್ನು ವಿಚಾರಗೋಷ್ಠಿಗಳಲ್ಲಿ ಕೇಳುತ್ತೇವೆ. ಇದರಲ್ಲಿ ಕಾರಣ, ಪರಿಣಾಮಗಳು ಅದಲುಬದಲಾಗಿವೆ. ಅಮೆರಿಕದ ಕಾರ್ಖಾನೆಗಳ ಅಂಕಿಅಂಶಗಳನ್ನು ಪರಿಶೀಲಿಸಿ ಬರ್ನಾರ್ಡ್ ಮತ್ತು ಜೆನ್ಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನ, ಉತ್ತಮ ಸಂಸ್ಥೆಗಳೇ ರಫ್ತುದಾರರಾಗುತ್ತವೆ ಎಂದು ತೋರಿಸಿತು. ರಫ್ತು ಆರಂಭಿಸುವ ಮೊದಲೇ ಅವು ಇತರರಿಗಿಂತ ಮುಂದಿದ್ದವು. ಮನೆಯಲ್ಲಿ ಗಟ್ಟಿಯಾಗದ ಘಟಕವನ್ನು ಹಡಗು ಗಟ್ಟಿಗೊಳಿಸುವುದಿಲ್ಲ.

ಹಾಗಾದರೆ ಹೋಗಲೇಬಾರದೇ? ನನ್ನ ವಾದ ಅದಲ್ಲ. ಎರಡು ಮೂರು ವಾಹನ ಕಂಪನಿಗಳನ್ನೇ ನಂಬಿ ಬದುಕುವುದರ ಅಪಾಯವನ್ನು 2019-20ರ ವಾಹನ ಮಾರುಕಟ್ಟೆಯ ಕುಸಿತ ಮನದಟ್ಟು ಮಾಡಿಸಿತು. ವಿದ್ಯುತ್ ವಾಹನಗಳು ಹೆಚ್ಚಿದಂತೆ ಎಂಜಿನ್, ಗೇರುಪೆಟ್ಟಿಗೆ ಜೋಡಣೆಯ ಯಂತ್ರಗಳಿಗೆ ಬೇಡಿಕೆ ಕುಗ್ಗುವುದೂ ಖಂಡಿತ. ನಮ್ಮ ಮಾರುಕಟ್ಟೆಯ ಗಾತ್ರವೂ ಚಿಕ್ಕದು. ಅಂತರರಾಷ್ಟ್ರೀಯ ರೊಬಾಟಿಕ್ಸ್ ಒಕ್ಕೂಟದ ಪ್ರಕಾರ 2023ರಲ್ಲಿ ಭಾರತದಲ್ಲಿ ಹೊಸದಾಗಿ ಸ್ಥಾಪನೆಯಾದ ಕೈಗಾರಿಕಾ ರೊಬಾಟ್‌ಗಳು 8,510, ಚೀನಾದಲ್ಲಿ 2.76 ಲಕ್ಷ. ಆದರೆ ಭಾರತದ ಆ ಸಂಖ್ಯೆ ಹಿಂದಿನ ವರ್ಷಕ್ಕಿಂತ ಶೇ 59ರಷ್ಟು ಹೆಚ್ಚು ಎಂಬುದನ್ನೂ ಗಮನಿಸಬೇಕು. ಪರದೇಶದ ಕನಸಿನಲ್ಲಿ ಅಂಗಳದ ಬೆಳೆಯನ್ನು ಕಡೆಗಣಿಸಬಾರದು. ಹೋಗುವುದು ಸರಿ, ಹೇಗೆ ಹೋಗಬೇಕು ಎಂಬುದೇ ಪ್ರಶ್ನೆ.

ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿದ್ವಾಂಸರು 1970ರ ದಶಕದಲ್ಲಿ ಸ್ಯಾಂಡ್‌ವಿಕ್, ಅಟ್ಲಾಸ್ ಕಾಪ್ಕೊ, ವೋಲ್ವೊ ಮೊದಲಾದ ತಮ್ಮ ದೇಶದ ಕಂಪನಿಗಳು ಹೊರಗೆ ಬೆಳೆದ ಬಗೆಯನ್ನು ಪರಿಶೀಲಿಸಿದರು. ಅವರು ಕಂಡುಕೊಂಡ ಸಾಮಾನ್ಯ ಕ್ರಮ ಸರಳವಾದುದು: ಮೊದಲು ಆಗೀಗ ರಫ್ತು, ಆಮೇಲೆ ಏಜೆಂಟ್, ನಂತರ ಸ್ವಂತ ಮಾರಾಟ ಕಚೇರಿ, ಕಟ್ಟಕಡೆಗೆ ತಯಾರಿಕೆ. ಅದೂ ಭಾಷೆ, ವ್ಯವಹಾರ ಪದ್ಧತಿಗಳು ಹತ್ತಿರವಿರುವ ನೆರೆಯ ದೇಶಗಳಿಂದ ಆರಂಭ. ನಮ್ಮಲ್ಲಿ ಕೆಲವರು ಈ ಮೆಟ್ಟಿಲುಗಳನ್ನು ಮೇಲಿನಿಂದ ಹತ್ತಲು ಹೊರಡುತ್ತಾರೆ. 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸಾಗರೋತ್ತರ ಹೂಡಿಕೆ ನಿಯಮಗಳು ಕಂಪನಿಯ ನಿವ್ವಳ ಸಂಪತ್ತಿನ ನಾಲ್ಕು ಪಟ್ಟಿನವರೆಗೆ ಹೊರಗೆ ತೊಡಗಿಸಲು ಅವಕಾಶ ನೀಡಿವೆ. ರಾಜಕೋಟದ ಜ್ಯೋತಿ ಸಿಎನ್‌ಸಿ 2007ರಲ್ಲಿ ಫ್ರಾನ್ಸಿನ ಹ್ಯೂರಾನ್ ಕಂಪನಿಯನ್ನೇ ಕೊಂಡಿತು. ಅಂಥ ದಾರಿಗೆ ಅಂಥದೇ ಹೆಗಲು ಬೇಕು. ಕಾನೂನು ಬಿಟ್ಟಿತೆಂದು ನಲವತ್ತು ಜನರ ಘಟಕ ಜರ್ಮನಿಯಲ್ಲಿ ಕಚೇರಿ ತೆರೆಯುವುದು ವಿವೇಕವಲ್ಲ.

ಸಣ್ಣ ಘಟಕಕ್ಕೆ ಎಲ್ಲಕ್ಕಿಂತ ಹತ್ತಿರದ ವಿದೇಶ ಯಾವುದು? ನನ್ನ ಉತ್ತರ: ಈಗಿನ ಗ್ರಾಹಕನ ಸೋದರ ಕಾರ್ಖಾನೆ. ಬಿಡದಿ, ಹೊಸಕೋಟೆ, ಚಾಕಣ, ಶ್ರೀಪೆರಂಬುದೂರುಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಘಟಕಗಳಿವೆ. ಇಲ್ಲಿ ಐದು ವರ್ಷ ತೊಂದರೆ ಕೊಡದೆ ಓಡಿದ ಯಂತ್ರವನ್ನೇ ಥಾಯ್ಲೆಂಡ್ ಅಥವಾ ಇಂಡೊನೇಷ್ಯಾದ ಸೋದರ ಘಟಕ ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಯಂತ್ರ ಪರಿಚಿತ, ಗ್ರಾಹಕನ ರೀತಿನೀತಿ ಪರಿಚಿತ, ಹಣ ಪಾವತಿಯ ನಡವಳಿಕೆಯೂ ಪರಿಚಿತ. ಇದಕ್ಕೆ ಇನ್ನೊಂದು ಷರತ್ತಿದೆ. ಪ್ರತಿ ಆದೇಶಕ್ಕೂ ಹೊಸ ಯಂತ್ರ ವಿನ್ಯಾಸಗೊಳಿಸುವ ಅಭ್ಯಾಸ ಬಿಟ್ಟು, ಒಂದೇ ಬಗೆಯ ಯಂತ್ರವನ್ನು ಮತ್ತೆ ಮತ್ತೆ ಮಾಡಿ ಸ್ಥಾಪನೆಯ ದಿನಗಳನ್ನು ಇಳಿಸಬೇಕು. ಜರ್ಮನಿಯ ಹರ್ಮನ್ ಸೈಮನ್ ಅವರು ‘ಅಜ್ಞಾತ ಚಾಂಪಿಯನ್’ಗಳೆಂದು ಕರೆದ ಮಧ್ಯಮ ಗಾತ್ರದ ಕಂಪನಿಗಳ ಲಕ್ಷಣವೂ ಇದೇ: ಕಿರಿದಾದ ಕಸುಬು, ವಿಶಾಲ ಮಾರುಕಟ್ಟೆ.

ನಿಯಮಗಳೂ ಎಂಜಿನಿಯರ್‌ಗಳ ದಿನಗಳನ್ನೇ ಬೇಡುತ್ತವೆ. ನಮ್ಮಲ್ಲಿ ವಿದ್ಯುತ್ ಆವರ್ತನ 50 ಹರ್ಟ್ಸ್. ಸೌದಿ ಅರೇಬಿಯಾ, ಮೆಕ್ಸಿಕೊ, ಅಮೆರಿಕಗಳಲ್ಲಿ 60. ಮೋಟಾರು, ಟ್ರಾನ್ಸ್‌ಫಾರ್ಮರ್, ಕಂಟ್ರೋಲ್ ಪ್ಯಾನೆಲ್‌ಗಳನ್ನು ಅದಕ್ಕೆ ತಕ್ಕಂತೆ ಆರಿಸಬೇಕು. ಯುರೋಪ್‌ಗೆ ಸಿಇ ಗುರುತು ಬೇಕು. ಅದೊಂದು ಅಂಟಿಸುವ ಚೀಟಿಯಲ್ಲ. ಅಪಾಯಗಳ ವಿಶ್ಲೇಷಣೆ ನಡೆಸಿ, ತಾಂತ್ರಿಕ ಕಡತ ಸಿದ್ಧಪಡಿಸಿ ಅದನ್ನು ಹತ್ತು ವರ್ಷ ಕಾಪಾಡಬೇಕು. 2006ರ ಯಂತ್ರ ನಿರ್ದೇಶನದ ಜಾಗದಲ್ಲಿ 2023ರಲ್ಲಿ ಅಂಗೀಕರಿಸಲಾದ ಹೊಸ ಕಾಯ್ದೆಯ ಅನ್ವಯಕ್ಕೆ 2027ರ ಜನವರಿ 20ರ ದಿನಾಂಕ ಗೊತ್ತುಪಡಿಸಲಾಗಿದೆ. ಯಂತ್ರದ ನಿಯಂತ್ರಣ ತಂತ್ರಾಂಶದಲ್ಲಿ ಹೊರಗಿನವರು ಕೈಯಾಡಿಸದಂತೆ ರಕ್ಷಣೆ ಇರಬೇಕೆಂದು ಅದು ವಿಧಿಸುತ್ತದೆ. ಬೆಂಗಳೂರಿನಲ್ಲಿ ಕುಳಿತು ಅಂತರ್ಜಾಲದ ಮೂಲಕ ದೂರದ ಯಂತ್ರ ಸರಿಪಡಿಸುತ್ತೇವೆ ಎನ್ನುವವರು ಈ ಅಂಶವನ್ನು ಲಕ್ಷ್ಯದಲ್ಲಿಡಬೇಕು.

ಹಣದ ವಿಚಾರವೂ ಇದೆ. ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ಅದು ಇಲ್ಲಿಯೇ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದು ಉದ್ಯಮಿಗಳಿಗೆ ಗೊತ್ತು. ಗಡಿ ದಾಟಿದರಂತೂ ಅದರ ಆಸರೆಯೇ ಇಲ್ಲ. ರಫ್ತಿನ ಹಣಕ್ಕೆ ವಿಮೆ ನೀಡಲೆಂದೇ 1957ರಲ್ಲಿ ಆರಂಭವಾದ ಇಸಿಜಿಸಿ ಸಂಸ್ಥೆ ಇದೆ. ಅದರ ರಕ್ಷಣೆ ಇಲ್ಲದೆ ಮೊದಲ ಯಂತ್ರವನ್ನು ಕಳುಹಿಸಬಾರದು. ಸುಂಕಗಳ ಅನಿಶ್ಚಿತತೆಯನ್ನೂ ನಾವು ಕಂಡಿದ್ದೇವೆ. ಭಾರತದ ಅನೇಕ ಸರಕುಗಳ ಮೇಲೆ ಅಮೆರಿಕ 2025ರ ಆಗಸ್ಟ್ 7ರಿಂದ ಶೇ 25, ಅದೇ ತಿಂಗಳ 27ರಿಂದ ಒಟ್ಟು ಶೇ 50 ಸುಂಕ ವಿಧಿಸಿತು. ಯಂತ್ರವೊಂದನ್ನು ಕಟ್ಟಲು ಆರು ತಿಂಗಳು ಬೇಕು; ಸುಂಕ ಬದಲಾಗಲು ಮೂರು ವಾರ ಸಾಕಾಯಿತು.

ಇನ್ನು ಸರ್ಕಾರದ ಪಾತ್ರ. ಸೇವೆಯಲ್ಲಿದ್ದ ವರ್ಷಗಳಲ್ಲಿ ನಾನು ಕಂಡಂತೆ, ರಫ್ತು ಪ್ರೋತ್ಸಾಹದ ಕಡತಗಳಲ್ಲಿ ಸುಲಭವಾಗಿ ಮುಂದೆ ಸಾಗುವುದು ಎಣಿಸಲು ಬರುವ ಖರ್ಚು: ಮೇಳದ ಮಳಿಗೆಯ ಬಾಡಿಗೆ, ವಿಮಾನದ ಟಿಕೆಟ್, ನಿಯೋಗದ ಸದಸ್ಯರ ಸಂಖ್ಯೆ. 2015ರ ಹ್ಯಾನೋವರ್ ಕೈಗಾರಿಕಾ ಮೇಳದಲ್ಲಿ ಭಾರತವೇ ಪಾಲುದಾರ ರಾಷ್ಟ್ರವಾಗಿತ್ತು. ಮೇಳಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಆದರೆ ಮಳಿಗೆ ಆದೇಶ ತರಬಲ್ಲದು. ಎಂಜಿನಿಯರ್‌ನನ್ನು ತಯಾರು ಮಾಡಲಾರದು. ಅದೇ ಹಣದ ಒಂದು ಪಾಲನ್ನು ಬೇರೆ ಮೂರು ಕಡೆ ತೊಡಗಿಸಬಹುದು. ಒಂದು, 1972ರಿಂದ ಹೆಸರು ಮಾಡಿರುವ ನಮ್ಮ ಜಿಟಿಟಿಸಿಯಲ್ಲಿ ಯಂತ್ರ ಸ್ಥಾಪನೆ, ಸುರಕ್ಷತಾ ಮಾನದಂಡ ಮತ್ತು ವಿದೇಶಿ ಗ್ರಾಹಕರೊಂದಿಗಿನ ವ್ಯವಹಾರ ಕಲಿಸುವ ವಿಶೇಷ ತರಬೇತಿ. ಎರಡು, ಸಿಇ ಮುಂತಾದ ಮಾನ್ಯತೆಗೆ ಬೇಕಾದ ಪರೀಕ್ಷೆಗಳ ವೆಚ್ಚದಲ್ಲಿ ನೆರವು. ಮೂರು, ಪೀಣ್ಯದ ಹತ್ತು ಘಟಕಗಳು ಸೇರಿ ಬ್ಯಾಂಕಾಕ್ ಅಥವಾ ದುಬೈನಲ್ಲಿ ಬಿಡಿಭಾಗಗಳ ಉಗ್ರಾಣ ಮತ್ತು ಇಬ್ಬರು ತಂತ್ರಜ್ಞರನ್ನು ಸಮಾನವಾಗಿ ಹಂಚಿಕೊಳ್ಳುವುದಾದರೆ, ಮೊದಲ ಮೂರು ವರ್ಷಗಳ ಖರ್ಚಿನಲ್ಲಿ ಪಾಲು. ಪೈಪೋಟಿಯಲ್ಲಿರುವವರು ಒಂದಾಗುವುದು ಕಷ್ಟ ನಿಜ. ಆದರೆ ಒಬ್ಬೊಬ್ಬರೇ ಭರಿಸಲಾಗದ ಹೊರೆಯನ್ನು ಸಹಕಾರದಿಂದ ಹೊರುವುದು ಈ ನಾಡಿಗೆ ಹೊಸ ವಿದ್ಯೆಯೇನಲ್ಲ.

ಉದ್ಯಮಿಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರೇ. ಹೆಚ್ಚಿನ ಬದಲಾವಣೆ ಇಲ್ಲದೆ ಹತ್ತು ಬಾರಿ ಮಾಡಿಕೊಟ್ಟ ಯಂತ್ರ ನಮ್ಮಲ್ಲಿದೆಯೇ? ಅದನ್ನು ಕೇಳುತ್ತಿರುವ ಪರಿಚಿತ ಗ್ರಾಹಕ ಹೊರಗಿದ್ದಾನೆಯೇ? ನಮ್ಮ ಇಬ್ಬರು ಒಳ್ಳೆಯ ಎಂಜಿನಿಯರ್‌ಗಳು ಎರಡು ತಿಂಗಳು ಊರಲ್ಲಿರದಿದ್ದರೆ ಇಲ್ಲಿನ ಕೆಲಸ ನಡೆಯುತ್ತದೆಯೇ? ಮೂರಕ್ಕೂ ಹೌದು ಎಂಬ ಉತ್ತರವಿದ್ದರೆ ಧೈರ್ಯವಾಗಿ ಹೊರಡಬಹುದು. ಮೂರನೆಯದಕ್ಕೆ ಇಲ್ಲವೆಂದಾದರೆ, ವಿದೇಶ ವಿಸ್ತರಣೆಗೆ ಎತ್ತಿಟ್ಟ ಹಣದಲ್ಲಿ ಈ ವರ್ಷ ನಾಲ್ವರು ಕಿರಿಯ ಎಂಜಿನಿಯರ್‌ಗಳನ್ನು ನೇಮಿಸಿಕೊಂಡು ಹಿರಿಯರ ಜೊತೆ ಪುಣೆಗೆ, ಹೊಸೂರಿಗೆ ಕಳುಹಿಸುವುದೇ ಮೇಲು. ಆ ನಲವತ್ತು ಕುಟುಂಬಗಳ ಅನ್ನದ ಪ್ರಶ್ನೆ ಇದಾದ್ದರಿಂದ, ಮೂರು ವರ್ಷ ತಡವಾಗಿ ಹೋದರೂ ನಷ್ಟವಿಲ್ಲ.