ಕಲ್ಲನ್ನು ಸುಟ್ಟು ಕಲ್ಲಿನ ಅಚ್ಚು ಒತ್ತುವುದು

ವರ್ಗಾವಣೆಯ ನೌಕರಿಯಲ್ಲಿ ದೆಹಲಿ, ಪುಣೆ ಎಂದು ಸರ್ಕಾರಿ ವಸತಿಗೃಹಗಳಲ್ಲಿಯೇ ಇಪ್ಪತ್ತು ವರ್ಷ ಕಳೆದ ನಾವು ಕೊನೆಗೆ ಹೈದರಾಬಾದಿನ ಹೊರವಲಯದಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆವು. ಒಳಗಿನ ವಿಚಾರಗಳೆಲ್ಲ ಹೇಗೋ ತೀರ್ಮಾನವಾದವು. ಬಾಗಿಲ ಮುಂದಿನ ಅಂಗಳಕ್ಕೆ ಏನು ಹಾಸಬೇಕೆಂಬುದು ಮಾತ್ರ ಎರಡು ತಿಂಗಳ ಚರ್ಚೆಯಾಯಿತು. ಗುತ್ತಿಗೆದಾರರು ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ತಂದಿಟ್ಟರು. ಅದರಲ್ಲಿ ಕಾಂಕ್ರೀಟು ತಾನು ಕಾಂಕ್ರೀಟೆಂಬುದನ್ನೇ ಮರೆತಂತಿತ್ತು. ಒಂದು ಪುಟದಲ್ಲಿ ಸ್ಲೇಟು ಕಲ್ಲು, ಇನ್ನೊಂದರಲ್ಲಿ ಇಟ್ಟಿಗೆ, ಮತ್ತೊಂದರಲ್ಲಿ ಗಂಟುಗಳ ಸಹಿತ ಮರದ ಹಲಗೆ. ಇದೇ ಈಗ ನಮ್ಮ ನಗರಗಳ ಹೊಸ ಮನೆಗಳ ಮುಂದೆ ಕಾಣಿಸಿಕೊಳ್ಳುತ್ತಿರುವ ಸ್ಟ್ಯಾಂಪ್ಡ್ ಕಾಂಕ್ರೀಟ್.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ರಾಡ್ ಬೌಮನ್ ಎಂಬವರು ರೂಢಿಗೆ ತಂದ ವಿಧಾನವಿದು. ಸುಮಾರು ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ಸುರಿದು, ಮೇಲ್ಮೈಯನ್ನು ನಯಗೊಳಿಸಿ, ಬಣ್ಣದ ಗಟ್ಟಿಪುಡಿಯನ್ನು ಎರಚುತ್ತಾರೆ. ಅಚ್ಚು ಅಂಟಿಕೊಳ್ಳದಂತೆ ಇನ್ನೊಂದು ಪುಡಿ ಉದುರಿಸಿ, ರಬ್ಬರಿನಂತಹ ಅಚ್ಚುಹಾಸುಗಳನ್ನಿಟ್ಟು ತುಳಿದು ಒತ್ತುತ್ತಾರೆ. ಕೊನೆಗೆ ಹೊಳೆಯುವ ಸೀಲರ್ ಬಳಿಯುತ್ತಾರೆ. ಇದರ ಗುಣಗಳನ್ನು ಅಲ್ಲಗಳೆಯಲಾಗದು. ಕಲ್ಲುಗಳ ಸಂದಿಯಲ್ಲಿ ಬೆಳೆಯುವ ಹುಲ್ಲಿನ ಕಾಟವಿಲ್ಲ, ಕಾರಿನ ಭಾರಕ್ಕೆ ಅಲುಗುವ ಚಪ್ಪಡಿಯಿಲ್ಲ, ನೋಟಕ್ಕೂ ಚೆಂದ. ನಾವು ಒಪ್ಪಿಯೇ ಬಿಟ್ಟಿದ್ದೆವು.

ಒಪ್ಪದಿದ್ದವರು ಅವ್ವ. ಯುಗಾದಿಯ ಮಧ್ಯಾಹ್ನ ಹೋಳಿಗೆ ಕೊಡಲೆಂದು ನೆರೆಮನೆಗೆ ಹೋದವರು ಪದ್ಧತಿಯಂತೆ ಚಪ್ಪಲಿಯನ್ನು ಗೇಟಿನ ಬಳಿಯೇ ಬಿಟ್ಟಿದ್ದರು. ಅಲ್ಲಿ ಕಡುಗಂದು ಬಣ್ಣದ ಅಚ್ಚಿನ ಅಂಗಳ. ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಅಂಗಾಲು ಸುಟ್ಟು, ತಟ್ಟೆ ಹಿಡಿದುಕೊಂಡೇ ಓಡಬೇಕಾಯಿತು. ಎಪ್ಪತ್ತು ದಾಟಿದವರು ಎಡವಿದ್ದರೆ ಏನಾಗುತ್ತಿತ್ತೋ. ಮನೆಗೆ ಬಂದು ಕಾಲಿಗೆ ನೀರು ಹಾಕಿಕೊಳ್ಳುತ್ತ ಅವರು ಅಂದದ್ದು ಇಷ್ಟೇ: "ಯಪ್ಪಾ, ಅಂಗಳ ಅಂದ್ರ ಕಾಲಿಡಾಕ ಬರಬೇಕು. ಮತ್ತ ಆ ಗೆರಿ ಗೆರಿ ನೆಲದ ಮ್ಯಾಲ ರಂಗೋಲಿ ಹ್ಯಾಂಗ ಹಾಕೂದು?"

ಆ ಮಾತಿನ ನಂತರವೇ ನಾವು ವಿಷಯವನ್ನು ಸರಿಯಾಗಿ ಓದಲು ತೊಡಗಿದ್ದು. ಬಿಸಿಲ ನಾಡಿನಲ್ಲಿ ಈ ಹಾಸಿನ ಕಷ್ಟ ಅದು ಹುಟ್ಟುವಾಗಲೇ ಆರಂಭವಾಗುತ್ತದೆ. ಅಚ್ಚು ಒತ್ತಲು ಕಾಂಕ್ರೀಟು ಹದವಾಗಿರುವ ವೇಳೆ ಮೊದಲೇ ಚಿಕ್ಕದು. ಬಿಸಿಲಿನಲ್ಲಿ ಅದು ಇನ್ನೂ ಕಿರಿದಾಗುತ್ತದೆ. ಮೇಲ್ಮೈಯ ನೀರು ಬೇಗ ಆರಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಸರ್ಕಾರಿ ನೌಕರರಿಗೆ ನಿಯಮಪುಸ್ತಕ ತೆರೆಯುವ ಚಾಳಿ ಬಿಡದು. ಒಣಹವೆಯ, ಬಿಸಿ ವಾತಾವರಣಕ್ಕೆ ಒಡ್ಡಿದ ಕಾಂಕ್ರೀಟನ್ನು ಕನಿಷ್ಠ 10 ದಿನ ಕ್ಯೂರಿಂಗ್ ಮಾಡಬೇಕೆಂದು ನಮ್ಮ ದೇಶದ ಐಎಸ್ 456 ಮಾನಕ ಹೇಳುತ್ತದೆ. ಆದರೆ ಬಣ್ಣದ ನೆಲದ ಮೇಲೆ ಒದ್ದೆ ಗೋಣಿ ಹಾಸಿದರೆ ಕಲೆ ಉಳಿಯುವ ಭಯ. ಹೀಗಾಗಿ ಅಂದಕ್ಕಾಗಿ ಗಟ್ಟಿತನವನ್ನು ಬಿಟ್ಟುಕೊಡುವ ಆಮಿಷ ಇಲ್ಲಿ ಸದಾ ಇರುತ್ತದೆ. ಮುಂದೆ ಬಿಸಿಲು ಸೀಲರನ್ನು ತಿನ್ನುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಮಳೆಗಾಲದಲ್ಲಿ ಅದೇ ಸೀಲರ್ ಜಾರುತ್ತದೆ. ನಲ್ಲಿಯ ಪೈಪಿಗಾಗಿ ಒಮ್ಮೆ ಅಗೆದರೆ ಹಳೆಯ ಬಣ್ಣಕ್ಕೆ ಹೊಂದುವ ತೇಪೆ ಸಿಗುವುದು ದುರ್ಲಭ.

ನಮ್ಮನ್ನು ನಾಚಿಸಿದ ಸಂಗತಿ ಮಾತ್ರ ಬೇರೆಯೇ. ನಮ್ಮೂರು ಕಲಬುರಗಿ ಜಿಲ್ಲೆ. ಅಲ್ಲಿಯ ಶಹಾಬಾದದ ಫರಸಿಕಲ್ಲು ಪುಣೆ, ಮುಂಬಯಿ, ಹೈದರಾಬಾದುಗಳ ಎಷ್ಟು ಅಂಗಳಗಳಲ್ಲಿ ಹಾಸಿಕೊಂಡಿದೆಯೆಂದು ಲೆಕ್ಕವಿಟ್ಟವರಿಲ್ಲ. ಅದರ ನೆಂಟನಾದ ತಾಂಡೂರು ಕಲ್ಲು ಇಲ್ಲಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಆ ಸೀಮೆಯ ಸುಣ್ಣಕಲ್ಲನ್ನೇ ವಾಡಿ, ಸೇಡಂಗಳ ಕಾರ್ಖಾನೆಗಳು ಪುಡಿಮಾಡಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಸುಟ್ಟು ಸಿಮೆಂಟು ಮಾಡುತ್ತವೆ. ಆ ಸಿಮೆಂಟನ್ನು ತಂದು, ಮರಳು ಜಲ್ಲಿ ಬೆರೆಸಿ, ಅದರ ಮೇಲೆ ಕಲ್ಲಿನ ಚಿತ್ರವನ್ನು ಒತ್ತಿ, ಕಲ್ಲಿನ ಬಣ್ಣ ಬಳಿಯುವುದು! ಇದ್ದ ಕಲ್ಲನ್ನು ಸುಟ್ಟು ಇಲ್ಲದ ಕಲ್ಲನ್ನು ನಟಿಸುವ ಈ ಸುತ್ತುದಾರಿಗೆ ನಾವು ಹಣ ತೆರಲು ಹೊರಟಿದ್ದೆವು.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಜಾನ್ ರಸ್ಕಿನ್ನನನ್ನು ಓದುವಾಗ ಅವನ ಸಿಟ್ಟು ನಮಗೆ ಅತಿಯೆನಿಸಿತ್ತು. 1849ರ ತನ್ನ ವಾಸ್ತುಶಿಲ್ಪದ ಗ್ರಂಥದಲ್ಲಿ ಅವನು, ಒಂದು ವಸ್ತುವಿಗೆ ಬಣ್ಣ ಬಳಿದು ಇನ್ನೊಂದೆಂದು ತೋರಿಸುವುದನ್ನು ಮೋಸವೆಂದೇ ಕರೆದ. ಮರವನ್ನು ಅಮೃತಶಿಲೆಯಂತೆ ಕಾಣಿಸುವುದು ಅವನಿಗೆ ಸಹಿಸದು. ಈಗಲೂ ನಾವು ಅವನನ್ನು ಪೂರ್ತಿ ಒಪ್ಪುವುದಿಲ್ಲ. ನೆರೆಮನೆಯವರು ಯಾರನ್ನೂ ಮೋಸಗೊಳಿಸಲು ಅಂಗಳ ಮಾಡಿಸಲಿಲ್ಲ. ಮನೆ ಚೆಂದವಿರಲೆಂದು ಮಾಡಿಸಿದರು. ಸಿಮೆಂಟಿನ ಮೇಲೂ ನಮಗೆ ಹಗೆಯಿಲ್ಲ. ನಮ್ಮ ಹಿರಿಯರ ಮನೆಗಳ ಕೆಂಪು ಗಾರೆ ನೆಲ ಸಿಮೆಂಟಿನದೇ. ಅದು ಕಲ್ಲೆಂದೂ ಮರವೆಂದೂ ನಟಿಸಲಿಲ್ಲ; ವರ್ಷಗಟ್ಟಲೆ ಕಾಲು ಸವೆಸಿ ತನ್ನದೇ ಹೊಳಪು ಪಡೆಯಿತು. ಆದರೆ ಚಿತ್ರ ನೋಡಿ ನೆಲವನ್ನು ಆರಿಸಿದಾಗ ಕಣ್ಣಿಗೆ ಮಾತ್ರ ಮತ ಸಿಗುತ್ತದೆ, ಅಂಗಾಲಿಗೆ ಸಿಗುವುದಿಲ್ಲ. ನಮ್ಮ ಆಕ್ಷೇಪ ಇಷ್ಟೇ.

ಆದ್ದರಿಂದ ಅಚ್ಚಿನ ಕಾಂಕ್ರೀಟನ್ನೇ ಬಯಸುವವರಿಗೆ ನಮ್ಮ ವಿನಂತಿ: ತಿಳಿಬಣ್ಣ ಆರಿಸಿ, ಏಕೆಂದರೆ ಕಡುಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ. ಸೀಲರಿನಲ್ಲಿ ಜಾರದಂತೆ ಸಣ್ಣ ಹರಳುಪುಡಿ ಬೆರೆಸಲು ಹೇಳಿ. ಕೆಲಸವನ್ನು ಚಳಿಗಾಲದ ಬೆಳಗಿಗೆ ಇರಿಸಿಕೊಳ್ಳಿ. ಬೈಸಾಖದ ಬಿಸಿಲಿನಲ್ಲಿ ಮೊಣಕಾಲೂರಿ ಅಚ್ಚು ಒತ್ತುವವರೂ ಮನುಷ್ಯರೇ. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯಿಂದ ಗೋಡೆಗೆ ಮುಚ್ಚಬೇಡಿ. ಮಳೆಯ ನೀರು ಇಳಿಯಲು, ಮರವೊಂದು ಬೇರು ಬಿಡಲು ಮಣ್ಣು ಉಳಿಯಲಿ.

ನಾವು ಮಾಡಿದ್ದನ್ನೂ ಹೇಳಿಬಿಡುತ್ತೇವೆ. ಕಾರಿನ ಗಾಲಿಗಳಿಗೆ ಎರಡು ಪಟ್ಟಿ, ಪೊರಕೆಯ ಗೆರೆ ಎಳೆದ ಬರಿ ಬೂದು ಕಾಂಕ್ರೀಟು. ಬಾಗಿಲ ಮುಂದೆ ಮರಳಿನ ಮೇಲೆ ಕೂರಿಸಿದ ಶಹಾಬಾದ ಫರಸಿ. ಉಳಿದದ್ದು ಮಣ್ಣು, ಅದರಲ್ಲಿ ಒಂದು ಬೇವಿನ ಸಸಿ. ಫರಸಿಯೇನು ಮಂಜಲ್ಲ, ನಡುಹಗಲಿನಲ್ಲಿ ಅದೂ ಕಾಯುತ್ತದೆ. ಬೇವು ನೆರಳು ಕೊಡಲು ಇನ್ನೂ ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಅವ್ವ ಮುಂಜಾನೆ ರಂಗೋಲಿ ಹಾಕಿ, ಬಿಸಿಲೇರುವ ಮೊದಲೇ ಒಳಗೆ ಬರುತ್ತಾರೆ. ಸಂಜೆ ಎರಡು ಕೊಡ ನೀರು ಚೆಲ್ಲಿದ ಮೇಲೆ ಬರಿಗಾಲಿನಲ್ಲಿ ಹೊರಬಂದು ಅದೇ ಕಲ್ಲಿನ ಮೇಲೆ ಕೂರುತ್ತಾರೆ. ನೆರೆಮನೆಯವರೂ ಈಗ ಮಾತಿಗೆ ಅಲ್ಲಿಗೇ ಬರುತ್ತಾರೆ.